ಹಳೇ ಸ್ವಿಫ್ಟ್‌ಗೆ ನಾನು ಬೆಲೆ ಕಟ್ಟಿದ್ದು ಹೀಗೆ

ನಮ್ಮ ಮನೆಯಲ್ಲಿ ಕಾರು ಮಾರುವ ಕೆಲಸ ಯಾವಾಗಲೂ ನನ್ನ ಪಾಲಿಗೇ ಬರುತ್ತದೆ. ಮೊದಲು ಅಣ್ಣನ ಆಲ್ಟೋ, ಆಮೇಲೆ ಮಾವನವರ ಸ್ಯಾಂಟ್ರೋ, 2025ರ ನವೆಂಬರ್‌ನಲ್ಲಿ ನಮ್ಮದೇ ಸ್ವಿಫ್ಟ್. 2018ರ ವಿಎಕ್ಸ್‌ಐ (ಸ್ವಿಫ್ಟ್‌ನ ಒಂದು ವೇರಿಯಂಟ್), ಪೆಟ್ರೋಲ್, ಮ್ಯಾನುಯಲ್, 62 ಸಾವಿರ ಕಿಲೋಮೀಟರ್ ಓಡಿದ್ದು, ಫಸ್ಟ್ ಓನರ್. ಮೈಸೂರಿನಲ್ಲೇ, ಬ್ರೋಕರ್ ಇಲ್ಲದೆ ಮಾರಿದೆ. "ಎಷ್ಟು ಹೇಳಬೇಕು ಅಂತ ಹೇಗೆ ಗೊತ್ತಾಯ್ತು?" ಅಂತ ಕೇಳುವವರು ಬಹಳ. ಅದಕ್ಕೇ ನನ್ನ ಲೆಕ್ಕವನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ನಾನು ಪಾಲಿಸುವ ನಿಯಮ ಒಂದೇ. ಹೇಳಿದ ಬೆಲೆಯನ್ನು ಕೊಳ್ಳುವವರ ಎದುರು ಕೂತು ಸಾಲುಸಾಲಾಗಿ ಬಿಡಿಸಿ ತೋರಿಸಲು ಆಗಬೇಕು. ಎಲ್ಲಿಂದ ಶುರು ಮಾಡಿದೆ, ಯಾವುದಕ್ಕೆ ಕಳೆದೆ, ಯಾವುದಕ್ಕೆ ಕೂಡಿಸಿದೆ, ಎಲ್ಲವೂ ಒಂದು ಹಾಳೆಯಲ್ಲಿ ಇರಬೇಕು.

ಹೆಚ್ಚಿನವರು ಲೆಕ್ಕ ಶುರು ಮಾಡುವುದು ತಾವು ಅವತ್ತು ಕೊಟ್ಟ ದುಡ್ಡಿನಿಂದ. ನಾನು 2018ರಲ್ಲಿ ಆನ್‌ರೋಡ್, ಅಂದರೆ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲಾ ಸೇರಿ, ಸುಮಾರು 7 ಲಕ್ಷ ಕೊಟ್ಟಿದ್ದೆ. ಅದು ಕೊಳ್ಳುವವರಿಗೆ ಯಾವ ಲೆಕ್ಕಕ್ಕೂ ಇಲ್ಲ. ಅವರ ತಲೆಯಲ್ಲಿ ಓಡುವುದು, ಇವತ್ತು ಹೊಸದಕ್ಕೆ ಎಷ್ಟಾಗುತ್ತದೆ ಅನ್ನುವುದು. ಈ ಸಲ ಅದೇ ದೊಡ್ಡ ವಿಷಯವಾಯಿತು. 2024ರ ಮೇ ತಿಂಗಳಲ್ಲಿ ಹೊಸ ಸ್ವಿಫ್ಟ್ ಬಂದಾಗ ವಿಎಕ್ಸ್‌ಐ ಎಕ್ಸ್-ಶೋರೂಮ್ ಬೆಲೆ (ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ್ದು) 7.29 ಲಕ್ಷ ಇತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟ್‌ಗೆ ಇಳಿಯಿತು, ಮೇಲಿದ್ದ ಸೆಸ್ ಕೂಡ ಹೋಯಿತು. ಅದೇ ಗಾಡಿ 6.59 ಲಕ್ಷಕ್ಕೆ ಬಂದು ನಿಂತಿತು. ಹೊಸದರ ಬೆಲೆ ಹೀಗೆ ಇಳಿದಾಗ ಹಳೇದು ಇದ್ದಲ್ಲೇ ಇರಲು ಹೇಗೆ ಸಾಧ್ಯ? ಸೆಪ್ಟೆಂಬರ್‌ಗೆ ಮುಂಚೆ ಪಕ್ಕದ ರಸ್ತೆಯವರು ಇಂಥದ್ದೇ ಕಾರನ್ನು ಎಷ್ಟಕ್ಕೆ ಮಾರಿದರು ಅನ್ನೋದು ನವೆಂಬರ್‌ನಲ್ಲಿ ನನಗೆ ಕೆಲಸಕ್ಕೆ ಬರುವ ಮಾಹಿತಿ ಆಗಿರಲಿಲ್ಲ.

ನಮ್ಮ ರಾಜ್ಯದಲ್ಲಿ ಇನ್ನೊಂದು ವಿಷಯ ಇದೆ. 5ರಿಂದ 10 ಲಕ್ಷದ ಹೊಸ ಕಾರಿಗೆ ಲೈಫ್‌ಟೈಮ್ ಟ್ಯಾಕ್ಸ್ 14 ಪರ್ಸೆಂಟ್, ಅದರ ಮೇಲೆ ಸೆಸ್. ಹೊಸ ವಿಎಕ್ಸ್‌ಐಗೆ ಇದೊಂದೇ ಲಕ್ಷ ರೂಪಾಯಿ ದಾಟುತ್ತದೆ. ಇನ್ಶೂರೆನ್ಸ್ ಎಲ್ಲಾ ಸೇರಿ ರಸ್ತೆಗಿಳಿಯುವಾಗ 8 ಲಕ್ಷದ ಹತ್ತಿರ. ನನ್ನ ಕಾರಿನ ಟ್ಯಾಕ್ಸ್ ಆಗಲೇ ಕಟ್ಟಿಯಾಗಿದೆ, ಆರ್‌ಸಿ 2033ರವರೆಗೆ ನಡೆಯುತ್ತದೆ. ಕರ್ನಾಟಕದ ಒಳಗೇ ಕೊಂಡರೆ ಟ್ರಾನ್ಸ್‌ಫರ್ ಖರ್ಚು ಅಷ್ಟೇ. ಕೇರಳದ ವಯನಾಡಿನಿಂದ ಒಬ್ಬರು ಫೋನ್ ಮಾಡಿದ್ದರು. ಅವರಿಗೆ ಇಲ್ಲಿಂದ ಎನ್‌ಒಸಿ (ಗಾಡಿ ಬೇರೆ ರಾಜ್ಯಕ್ಕೆ ಹೋಗಲು ಆರ್‌ಟಿಒ ಕೊಡುವ ಒಪ್ಪಿಗೆ ಪತ್ರ) ಬೇಕು, ಅಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕು. ಅದಕ್ಕೇ ಕಮ್ಮಿ ಕೇಳಿದರು. ಅವರ ಮಟ್ಟಿಗೆ ಅದು ನ್ಯಾಯವಾದ ಬೆಲೆಯೇ, ಆದರೆ ನನಗೆ ಸ್ಥಳೀಯರೇ ಸರಿ ಅನ್ನಿಸಿತು.

ಇನ್ನು ನನ್ನ ಕಾರಿಗೆ ನಿಜವಾದ ಪೈಪೋಟಿ ಹೊಸ ಸ್ವಿಫ್ಟ್ ಕೂಡ ಅಲ್ಲ. ಜಿಎಸ್‌ಟಿ ಇಳಿದ ಮೇಲೆ ವ್ಯಾಗನ್ಆರ್ ಎಕ್ಸ್-ಶೋರೂಮ್ 5 ಲಕ್ಷದೊಳಗೇ ಶುರುವಾಯಿತು. ಹಳೇ ಸ್ವಿಫ್ಟ್‌ಗೆ 5 ಲಕ್ಷ ಕೇಳಿದರೆ ಕೊಳ್ಳುವವರು ಒಂದು ಲಕ್ಷ ಜಾಸ್ತಿ ಹಾಕಿ ಹೊಸ ವ್ಯಾಗನ್ಆರ್ ತಗೊಳ್ಳುತ್ತಾರೆ. ಹಳೇ ಕಾರಿನ ಸಾಲಕ್ಕೆ ಸಾಮಾನ್ಯವಾಗಿ ಬಡ್ಡಿಯೂ ಜಾಸ್ತಿ. ಹಾಗಾಗಿ 5 ಲಕ್ಷದ ಗೆರೆಯನ್ನು ನಾನು ಮೊದಲೇ ಬಿಟ್ಟುಬಿಟ್ಟೆ.

ಇನ್ಶೂರೆನ್ಸ್ ಪೇಪರಿನಲ್ಲಿರುವ ಐಡಿವಿಯನ್ನೇ, ಅಂದರೆ ಕಂಪನಿ ಕಾರಿಗೆ ಕಟ್ಟಿದ ಮೌಲ್ಯವನ್ನೇ, ಬೆಲೆ ಅಂದುಕೊಳ್ಳುವವರಿದ್ದಾರೆ. ನನ್ನ ಪಾಲಿಸಿಯಲ್ಲಿ 3.62 ಲಕ್ಷ ಇತ್ತು. ಐದು ವರ್ಷದವರೆಗೆ ಐಡಿವಿಗೆ ಒಂದು ಕಟ್ಟುನಿಟ್ಟಾದ ಪಟ್ಟಿ ಇದೆ: ಎರಡನೇ ವರ್ಷದಲ್ಲಿ 20, ಮೂರನೇ ವರ್ಷ 30, ನಾಲ್ಕಕ್ಕೆ 40, ಐದಕ್ಕೆ 50 ಪರ್ಸೆಂಟ್ ಕಳೆಯುತ್ತಾರೆ. ಆಮೇಲೆ ಕಂಪನಿ ಮತ್ತು ನಾವು ಒಪ್ಪಿದಷ್ಟು. ಕಾರು ಕಳುವಾದರೆ ಎಷ್ಟು ಕೊಡಬೇಕು ಅನ್ನೋದಕ್ಕೆ ಇರುವ ಲೆಕ್ಕ ಅದು. ಎಲ್ಲಾ ಬ್ರ್ಯಾಂಡಿಗೂ ಒಂದೇ ಅಳತೆ. ಮಾರ್ಕೆಟ್‌ನಲ್ಲಿ ಸ್ವಿಫ್ಟ್ ಮತ್ತು ಯಾರೂ ಕೇಳದ ಒಂದು ಮಾಡೆಲ್ ಒಂದೇ ಥರ ಇಳಿಯುವುದಿಲ್ಲ ಅಲ್ವಾ? ಐಡಿವಿಯನ್ನು ನೋಡಿದೆ, ಬಿಟ್ಟೆ.

ನನಗೆ ಬಹಳ ಉಪಯೋಗಕ್ಕೆ ಬಂದದ್ದು ಡೀಲರ್‌ಗಳ ಎರಡು ಬೆಲೆಗಳ ನಡುವಿನ ಅಂತರ. ಕೆಲವು ಕಡೆ ಕಾರು ತೋರಿಸಿ, ನೀವು ಎಷ್ಟಕ್ಕೆ ತಗೊಳ್ತೀರಾ ಅಂತ ಕೇಳಿದೆ. 3.70ರಿಂದ 3.85 ಲಕ್ಷದವರೆಗೆ ಬಂತು. ಹೊಸ ಕಾರಿನ ಶೋರೂಮಿನಲ್ಲಿ ಕೇಳುವಾಗ ಎಕ್ಸ್‌ಚೇಂಜ್ ಬೋನಸ್ (ಹಳೇ ಕಾರು ಕೊಟ್ಟು ಹೊಸದು ಕೊಂಡರೆ ಸಿಗುವ ರಿಯಾಯಿತಿ) ಬೇರೆ, ಗಾಡಿಯ ಬೆಲೆ ಬೇರೆ ಬರೆದು ಕೊಡಿ ಅಂತ ಹೇಳಬೇಕು. ಇಲ್ಲದಿದ್ದರೆ ಎರಡನ್ನೂ ಕಲಸಿ ಒಂದು ಚೆಂದದ ಅಂಕಿ ಹೇಳುತ್ತಾರೆ. ಆಮೇಲೆ ಅದೇ ವರ್ಷದ, ಅದೇ ವಿಎಕ್ಸ್‌ಐ ಡೀಲರ್‌ಗಳಲ್ಲಿ ಎಷ್ಟಕ್ಕೆ ಮಾರಾಟಕ್ಕಿದೆ ನೋಡಿದೆ. 4.95ರ ಆಸುಪಾಸು. ನಡುವೆ 1.10 ಲಕ್ಷ. ಅದರಲ್ಲಿ ಅವರ ರಿಪೇರಿ, ವಾರಂಟಿ, ಅಂಗಡಿ ಬಾಡಿಗೆ, ಲಾಭ ಎಲ್ಲಾ ಇದೆ. ಜಿಎಸ್‌ಟಿ ನೋಂದಣಿ ಇರುವ ಡೀಲರ್ ತನ್ನ ಮಾರ್ಜಿನ್ ಮೇಲೆ 18 ಪರ್ಸೆಂಟ್ ತೆರಿಗೆಯನ್ನೂ ಕಟ್ಟಬೇಕು. ಈ 1.10 ಲಕ್ಷ ತೆರಿಗೆ ಸೇರಿದ ಅಂತರ ಅಂತ ಹಿಡಿದರೆ ಸುಮಾರು 17 ಸಾವಿರ ಅಲ್ಲಿಗೇ ಹೋಯಿತು. ಡೀಲರ್ ಇಲ್ಲದೆ ಮಾಲೀಕರೇ ನೇರವಾಗಿ ಮಾರಿದರೆ ಆ ಜಿಎಸ್‌ಟಿ ಇಲ್ಲ, ಆದರೆ ನಾನು ವಾರಂಟಿ ಕೊಡುವುದಿಲ್ಲ. ಹಾಗಾಗಿ ನ್ಯಾಯವಾದ ಬೆಲೆ ಈ ಎರಡರ ಮಧ್ಯೆ ಎಲ್ಲೋ ಇರಬೇಕು. ನಟ್ಟನಡುವೆ ಅಂದರೆ 4.40.

ಇದು ಬರೀ ಅಂದಾಜು. ನಿಜವೋ ಅಂತ ನೋಡಲು ಆನ್‌ಲೈನ್‌ನಲ್ಲಿ ಮಾಲೀಕರೇ ಹಾಕಿದ ಜಾಹೀರಾತುಗಳನ್ನು ಕೆಲವು ವಾರ ಗಮನಿಸಿದೆ. ಮೈಸೂರು, ಮಂಡ್ಯ ಅಷ್ಟೇ. 2018, ವಿಎಕ್ಸ್‌ಐ, ಪೆಟ್ರೋಲ್, ಫಸ್ಟ್ ಓನರ್, 80 ಸಾವಿರ ಕಿಲೋಮೀಟರ್ ಒಳಗಿನವು. ಒಂದು ನೋಟ್‌ಬುಕ್‌ನಲ್ಲಿ ಬೆಲೆ, ಹಾಕಿದ ತಾರೀಕು, ಫೋನ್ ನಂಬರ್ ಬರೆದುಕೊಂಡೆ. ಜಾಹೀರಾತಿನ ಬೆಲೆಗಳ ಸರಾಸರಿ ತೆಗೆಯುವುದು ಸುಮ್ನೆ ಕೆಲಸ. ಯಾಕೆಂದರೆ ಜಾಸ್ತಿ ಬೆಲೆ ಹೇಳಿದವು ಹೋಗದೆ ಅಲ್ಲೇ ಉಳಿದಿರುತ್ತವೆ, ಸರಿಯಾದ ಬೆಲೆಯವು ಮಾರಾಟವಾಗಿ ಮಾಯವಾಗಿರುತ್ತವೆ. 5.20, 5.40 ಅಂತ ಬರೆದವು ಕೊನೆಯವರೆಗೂ ಅಲ್ಲೇ ಇದ್ದವು. ನೋಡಬೇಕಾದದ್ದು ಮಾಯವಾದವನ್ನು. ನಂಬರ್ ಮೊದಲೇ ಬರೆದುಕೊಂಡಿದ್ದೆನಲ್ಲ, ಅವರಿಗೆ ಫೋನ್ ಮಾಡಿ ನೇರವಾಗಿ ಕೇಳಿದೆ: "ನಾನೂ ಇದೇ ಕಾರು ಮಾರ್ತಾ ಇದ್ದೀನಿ ಸಾರ್. ತಪ್ಪು ತಿಳ್ಕೋಬೇಡಿ, ನಿಮ್ಮದು ಎಷ್ಟಕ್ಕೆ ಹೋಯ್ತು?" ಬಹಳಷ್ಟು ಜನ ಹೇಳಿದರು. ಒಬ್ಬರಂತೂ ಯಾವ ಬ್ರೋಕರ್ ಹತ್ತಿರ ಹುಷಾರಾಗಿರಬೇಕು ಅಂತಲೂ ಹೇಳಿದರು. ಕೈಗೆ ಬಂದ ಹಣ 4.25ರಿಂದ 4.55ರ ನಡುವೆ ಇತ್ತು. 4.40 ಅನ್ನುವ ನನ್ನ ಅಂದಾಜು ಗಟ್ಟಿಯಾಯಿತು.

ಇದು ಸಾಧಾರಣ ಸ್ಥಿತಿಯಲ್ಲಿರುವ ಕಾರಿನ ಬೆಲೆ. ನನ್ನ ಕಾರು ಅದಕ್ಕಿಂತ ಎಲ್ಲಿ ಮೇಲು, ಎಲ್ಲಿ ಕೆಳಗೆ ಅನ್ನುವುದು ಮುಂದಿನ ಕೆಲಸ. ಅದಕ್ಕೆ ನಾನು ಕೇಳಿಕೊಂಡ ಪ್ರಶ್ನೆ: ಈ ಕಾರು ಕೊಂಡವರು ಮುಂದಿನ ಒಂದು ವರ್ಷದಲ್ಲಿ ಇದಕ್ಕೆ ಎಷ್ಟು ಖರ್ಚು ಮಾಡಬೇಕಾಗುತ್ತದೆ?

ಟೈರ್‌ನಿಂದ ಶುರು ಮಾಡಿದೆ. ಬಟನ್ (ಟೈರಿನ ಮೇಲ್ಮೈಯ ಅಚ್ಚು) ಎಷ್ಟಿದೆ ಅಂತ ಎಲ್ಲರೂ ನೋಡುತ್ತಾರೆ, ತಾರೀಕು ನೋಡುವವರು ಕಮ್ಮಿ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಅಕ್ಷರಗಳ ಸಾಲು ಇರುತ್ತದೆ. ಅದರ ಕೊನೆಯಲ್ಲಿ ನಾಲ್ಕು ಅಂಕಿ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕೆಲವು ಟೈರ್‌ಗಳಲ್ಲಿ ಈ ಅಂಕಿ ಒಂದೇ ಬದಿಗೆ ಇರುತ್ತದೆ. ಅದು ಒಳಗಡೆ ತಿರುಗಿದ್ದರೆ ನೆಲಕ್ಕೆ ಕೂತು ಮೊಬೈಲ್ ಟಾರ್ಚ್ ಹಾಕಿ ಹುಡುಕಬೇಕು. ನನ್ನ ಮುಂದಿನ ಎರಡರಲ್ಲಿ 1422 ಅಂತ ಇತ್ತು, ಅಂದರೆ 2022ರ 14ನೇ ವಾರ. ಹಿಂದಿನ ಎರಡರಲ್ಲಿ 0918. ಕಾರಿನ ಜೊತೆ ಬಂದ ಟೈರ್‌ಗಳೇ. ಬಟನ್ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಬದಿಯಲ್ಲಿ ಕೂದಲೆಳೆಯಂಥ ಬಿರುಕುಗಳು. ಏಳು ವರ್ಷ ದಾಟಿದ ರಬ್ಬರ್ ಬದಲಾಯಿಸಲೇಬೇಕು. ಈ ಸೈಜಿನ ಎರಡು ಟೈರ್‌ಗೆ ಅಂಗಡಿಯಲ್ಲಿ 9 ಸಾವಿರ ಹೇಳಿದರು. 9 ಸಾವಿರ ಕಳೆದೆ.

ನಾನೇ ಹೊಸ ಟೈರ್ ಹಾಕಿಸಿ ಮಾರಬಹುದಿತ್ತು. ಹಾಕಿಸಲಿಲ್ಲ. ಕೊಳ್ಳುವವರಿಗೆ ತಮಗೆ ಬೇಕಾದ ಕಂಪನಿಯದು ಹಾಕಿಸಿಕೊಳ್ಳುವ ಅವಕಾಶ ಇರಲಿ. ಆದರೆ ಮುಂದಿನ ಚಕ್ರದ ಲಿಂಕ್ ರಾಡ್ ಮಾತ್ರ ಮಾರುವ ಮುಂಚೆಯೇ ಬದಲಾಯಿಸಿದೆ. ಹಂಪ್ ಮೇಲೆ ಟಕ್ ಟಕ್ ಅನ್ನುತ್ತಿತ್ತು. ರಿಪೇರಿಗೆ ಸುಮಾರು 2 ಸಾವಿರ. ಟೆಸ್ಟ್ ಡ್ರೈವ್‌ನಲ್ಲಿ ಆ ಸದ್ದು ಕೇಳಿದರೆ ಜನ 15 ಸಾವಿರ ಇಳಿಸಿ ಕೇಳುತ್ತಾರೆ, ಏನು ಕೆಟ್ಟಿದೆಯೋ ಅಂತ ಭಯ ಬೀಳುತ್ತಾರೆ. ಸದ್ದು ಮಾಡುವುದನ್ನು ಸರಿ ಮಾಡಿಸಿ, ಕಣ್ಣಿಗೆ ಕಾಣುವುದನ್ನು ಹಾಗೇ ಬಿಟ್ಟು ಬೆಲೆಯಲ್ಲಿ ಕಳೆಯುವುದು ನನ್ನ ಪದ್ಧತಿ. ಬಂಪರ್ ಮೇಲಿನ ಗೀರು ಹಾಗೇ ಬಿಟ್ಟೆ. ಮಾರುವ ಮುಂಚೆ ಪೇಂಟ್ ಮಾಡಿಸಿದ ಕಾರು ಕಂಡರೆ ಯಾವ ಮೆಕ್ಯಾನಿಕ್ ಆದರೂ ಮೊದಲು ಕೇಳುವುದು, "ಏನು ಆಕ್ಸಿಡೆಂಟ್ ಆಗಿತ್ತಾ?"

ಕ್ಲಚ್ ಸ್ವಲ್ಪ ಬಿಗಿಯಾಗಿತ್ತು. ನಮ್ಮ ಮೆಕ್ಯಾನಿಕ್ ಇನ್ನೂ ಒಂದು ವರ್ಷ ಬರುತ್ತದೆ ಅಂದ. ಬದಲಾಯಿಸಲು 10 ಸಾವಿರದ ಹತ್ತಿರ. ಅರ್ಧ, ಅಂದರೆ 5 ಸಾವಿರ ಕಳೆದೆ. ಈ ಎಂಜಿನ್‌ಗೆ ಟೈಮಿಂಗ್ ಚೈನ್ ಇರುವುದರಿಂದ ಬೆಲ್ಟ್ ಬದಲಾಯಿಸುವ ಖರ್ಚಿಲ್ಲ. ಬ್ಯಾಟರಿ 2024ರದ್ದು, ಬಿಲ್ ಇದೆ. ಎಡಗಡೆ ಹಿಂದಿನ ಬಾಗಿಲಿಗೆ ಒಮ್ಮೆ ಸ್ಕೂಟರ್ ತಾಗಿ ಟಿಂಕರಿಂಗ್, ಪೇಂಟ್ ಆಗಿತ್ತು. ಅದಕ್ಕೆ 8 ಸಾವಿರ ಕಳೆದೆ. ಬಿಸಿಲಿನಲ್ಲಿ ಓರೆಯಾಗಿ ನೋಡಿದರೆ ಮಾತ್ರ ಬಣ್ಣದ ವ್ಯತ್ಯಾಸ ಕಾಣುತ್ತದೆ. ಆದರೂ ಜಾಹೀರಾತಿನಲ್ಲೇ ಬರೆದೆ.

ಕೂಡಿಸಿದ್ದು ಮೂರೇ. ಎಲ್ಲಾ ಸರ್ವಿಸ್ ಬಿಲ್‌ಗಳು ತಾರೀಕಿನ ಪ್ರಕಾರ ಒಂದೇ ಫೈಲಿನಲ್ಲಿ ಇದ್ದವು. ಮೀಟರ್ ತಿರುಗಿಸಿಲ್ಲ ಅನ್ನೋದಕ್ಕೆ ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ. ಏಳು ವರ್ಷಕ್ಕೆ 62 ಸಾವಿರ ಕಿಲೋಮೀಟರ್ ಅನ್ನೋದು ಕಮ್ಮಿಯೇ. ಈ ಎರಡಕ್ಕೂ ಸೇರಿ 15 ಸಾವಿರ. ಇನ್ಶೂರೆನ್ಸ್ ಇನ್ನೂ ಏಳು ತಿಂಗಳು ಇತ್ತು, ಅದಕ್ಕೆ 3 ಸಾವಿರ ಮಾತ್ರ ಹಾಕಿದೆ. ನನಗಿದ್ದ 50 ಪರ್ಸೆಂಟ್ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ನನ್ನದು, ಕಾರಿನದ್ದಲ್ಲ. ಪಾಲಿಸಿಯನ್ನು ಹೆಸರಿಗೆ ಮಾಡಿಸಿಕೊಳ್ಳುವಾಗ ಉಳಿದ ತಿಂಗಳುಗಳಿಗೆ ಆ ರಿಯಾಯಿತಿಯ ಹಣವನ್ನು ಕೊಂಡವರು ಕಂಪನಿಗೆ ತುಂಬಬೇಕು. "ಫುಲ್ ಇನ್ಶೂರೆನ್ಸ್ ಇದೆ" ಅಂತ ಹೇಳಿ 15 ಸಾವಿರ ಸೇರಿಸುವವರು ಈ ಮಾತು ಎತ್ತುವುದೇ ಇಲ್ಲ.

22 ಸಾವಿರ ಕೊಟ್ಟು ಹಾಕಿಸಿದ ಟಚ್‌ಸ್ಕ್ರೀನ್‌ಗೆ, ಸೀಟ್ ಕವರ್‌ಗೆ ಒಂದು ರೂಪಾಯಿಯೂ ಸೇರಿಸಲಿಲ್ಲ. ಅದನ್ನು ನಾವು ನಮ್ಮ ಖುಷಿಗೆ ಹಾಕಿಸಿಕೊಂಡದ್ದು.

ಒಟ್ಟು ಲೆಕ್ಕ 4.36 ಲಕ್ಷಕ್ಕೆ ಬಂತು. ಚೌಕಾಸಿಗೆ ಸ್ವಲ್ಪ ಜಾಗ ಬೇಕು. ನಮ್ಮಲ್ಲಿ ಒಂದು ರೂಪಾಯಿಯೂ ಇಳಿಸದವರ ಹತ್ತಿರ ಯಾರೂ ಸಮಾಧಾನದಿಂದ ಕೊಳ್ಳುವುದಿಲ್ಲ. ಆದರೆ 50 ಸಾವಿರ ಏರಿಸಿ ಹೇಳಿದರೆ ಸರಿಯಾದವರು ಫೋನೇ ಮಾಡುವುದಿಲ್ಲ. 4.49 ಅಂತ ಹಾಕಿದೆ. ನಾಲ್ಕೂವರೆ ಲಕ್ಷದೊಳಗೆ ಅಂತ ಹುಡುಕುವವರಿಗೂ ಕಾಣುತ್ತದೆ. 4.30ಕ್ಕಿಂತ ಕೆಳಗೆ ಇಳಿಯುವುದಿಲ್ಲ ಅಂತ ಮನೆಯಲ್ಲೇ ನಿರ್ಧಾರ ಮಾಡಿಕೊಂಡೆವು. ಸಮಯವನ್ನೂ ನೋಡಿದೆ. ನವರಾತ್ರಿ, ದೀಪಾವಳಿಯಲ್ಲಿ ಹೊಸ ಕಾರು ಕೊಂಡವರ ಎಕ್ಸ್‌ಚೇಂಜ್ ಗಾಡಿಗಳು ಮಾರ್ಕೆಟ್‌ಗೆ ಬರುತ್ತಿದ್ದವು. ಡಿಸೆಂಬರ್ ಮಧ್ಯದಲ್ಲಿ ಧನುರ್ಮಾಸ ಶುರು, ಆಗ ಗಾಡಿ ತಗೊಳ್ಳಲು ಹಿಂದೆಮುಂದೆ ನೋಡುವವರಿದ್ದಾರೆ. ಜನವರಿ ಬಂದರೆ ಕಾರಿಗೆ ಇನ್ನೊಂದು ವರ್ಷ ವಯಸ್ಸಾದ ಲೆಕ್ಕ. ಅಷ್ಟರೊಳಗೆ ಮುಗಿಸಬೇಕಿತ್ತು. ಜಾಹೀರಾತು ಹಾಕುವ ಮುಂಚೆ ಎಚ್‌ಪಿ, ಅಂದರೆ ಕಾರಿನ ಮೇಲೆ ಸಾಲ ಇದೆ ಅನ್ನುವ ನಮೂದನ್ನು, ಆರ್‌ಸಿಯಿಂದ ತೆಗೆಸಿದ್ದೆ, ಟ್ರಾಫಿಕ್ ಫೈನ್ ಬಾಕಿ ಕಟ್ಟಿದ್ದೆ.

"ಕೊನೇ ರೇಟ್ ಎಷ್ಟು?" ಅಂತ ಬರೀ ಮೆಸೇಜ್ ಮಾಡುವವರಿಗೆ ನನ್ನದು ಒಂದೇ ಉತ್ತರ: ಗಾಡಿ ನೋಡಿ ಸಾರ್, ಆಮೇಲೆ ಕೂತು ಮಾತಾಡೋಣ. ಅರ್ಧದಷ್ಟು ಜನ ಅಲ್ಲಿಗೇ ನಿಲ್ಲುತ್ತಾರೆ. "3.80 ಕ್ಯಾಶ್, ಈಗಲೇ ಬರ್ತೀನಿ" ಅನ್ನುವವರು ಬ್ರೋಕರ್‌ಗಳು.

ಕೊನೆಗೆ ತಗೊಂಡವರು ನಂಜನಗೂಡು ಕಡೆಯ ಒಬ್ಬ ಮೇಷ್ಟ್ರು. ಜೊತೆಗೆ ಮೆಕ್ಯಾನಿಕ್ ಕೆಲಸ ಮಾಡುವ ಅಕ್ಕನ ಮಗನನ್ನು ಕರೆತಂದಿದ್ದರು. ಹುಡುಗ ಬಾನೆಟ್ ಎತ್ತಿ ಬೋಲ್ಟ್‌ಗಳ ಮೇಲಿನ ಬಣ್ಣ ನೋಡಿದ, ಬಾಗಿಲ ರಬ್ಬರ್ ಎಳೆದು ನೋಡಿದ, ಹಿಂದೆ ಹೋಗಿ ಕೂತ.

"ಮಾವ, ಹಿಂದಿನ ಟೈರ್ 2018ರದ್ದು."

"ಹೌದಪ್ಪ, ಚೀಟೀಲಿ ಇದೆ ನೋಡು. ಅದಕ್ಕೆ 9 ಸಾವಿರ ಆಗಲೇ ಕಳೆದಿದ್ದೀನಿ" ಅಂತ ಹಾಳೆ ಕೊಟ್ಟೆ.

ಮೇಷ್ಟ್ರು ಅದನ್ನು ಎರಡು ಸಲ ಓದಿದರು. ಚೀಟಿಯಲ್ಲಿ 4.36ರ ಲೆಕ್ಕ ಕಾಣುತ್ತಿತ್ತು, ಹೇಳಿದ ಬೆಲೆ 4.49 ಅನ್ನುವುದೂ ಅವರಿಗೆ ಗೊತ್ತು. "ಹಾಗಾದ್ರೆ 13 ಸಾವಿರ ಮಾತಿಗೆ ಇಟ್ಟಿದ್ದೀರಿ" ಅಂದರು. ಹೌದು ಅಂದೆ. ಆಮೇಲೆ ಮಾತು ನಡೆದದ್ದು ಕ್ಲಚ್ ಮೇಲೆ ಮಾತ್ರ. ಪೂರ್ತಿ 10 ಸಾವಿರ ಕಳೆಯಿರಿ ಅಂತ ಅವರು, ಅರ್ಧ ಓಡುತ್ತದೆ ಅಂತ ನಾನು. ಕೊನೆಗೆ 4.35ಕ್ಕೆ ಒಪ್ಪಿದೆವು. ಟೋಕನ್ 10 ಸಾವಿರ ಕೊಟ್ಟರು, ಉಳಿದದ್ದು ಬ್ಯಾಂಕಿನಿಂದ ಬಂದ ಮೇಲೆ ಮಾಲೀಕರ ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಮಾಡಿದೆವು. ಕಾರು ಕೊಟ್ಟ ತಾರೀಕು ಮತ್ತು ಗಂಟೆ ಬರೆದ ಡೆಲಿವರಿ ನೋಟ್‌ಗೆ ಇಬ್ಬರೂ ಸಹಿ ಹಾಕಿದೆವು. ಫಾಸ್ಟ್ಯಾಗ್ ಅವತ್ತೇ ಕ್ಲೋಸ್ ಮಾಡಿಸಿದೆ.

ಆರ್‌ಸಿ ಅವರ ಹೆಸರಿಗೆ ಬದಲಾದ ಮೇಲೆ ಇನ್ಶೂರೆನ್ಸ್ ಕಂಪನಿಯಿಂದ ನೋ ಕ್ಲೇಮ್ ಬೋನಸ್ ಪತ್ರ ತೆಗೆದುಕೊಂಡೆ. ಮೂರು ವರ್ಷದವರೆಗೆ ನಡೆಯುತ್ತದೆ. ಮುಂದಿನ ಕಾರಿನ ಓನ್ ಡ್ಯಾಮೇಜ್ (ನಮ್ಮದೇ ಕಾರಿಗೆ ಆಗುವ ಹಾನಿಗೆ ಕಟ್ಟುವ) ಪ್ರೀಮಿಯಂನಲ್ಲಿ ಅರ್ಧ ಉಳಿಯುತ್ತದೆ. ಹಳೇ ಕಾರಿನಿಂದ ನನಗೆ ಎಷ್ಟು ಬಂತು ಅಂತ ಲೆಕ್ಕ ಹಾಕುವಾಗ 4.35ರ ಪಕ್ಕದಲ್ಲಿ ಅದನ್ನೂ ಬರೆದುಕೊಂಡಿದ್ದೇನೆ.