‘ಕತೆ’ ‘ಕತ್ತೆ’ಯಾದ ರಾತ್ರಿ: ತಡವಾಗಿ ಕೇಳಿದ ಸ್ವಂತ ದನಿಯೊಡನೆ ನನ್ನ ಅನುಭವ

ನನ್ನದೇ ದನಿಯನ್ನು ಹೆಡ್‌ಫೋನಿನಲ್ಲಿ 200 ಮಿಲಿಸೆಕೆಂಡು, ಎಂದರೆ ಒಂದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು, ತಡವಾಗಿ ಕೇಳಿಸಿಕೊಳ್ಳುತ್ತ ನಾನೇ ಬರೆದಿಟ್ಟುಕೊಂಡಿದ್ದ ಒಂದು ಪುಟವನ್ನು ಗಟ್ಟಿಯಾಗಿ ಓದಲು ಕುಳಿತಾಗ, ಮೂರನೆಯ ಸಾಲಿನ ‘ಅಜ್ಜಿಯ ಕತೆ’ ನನ್ನ ಬಾಯಲ್ಲಿ ‘ಅಜ್ಜಿಯ ಕತ್ತೆ’ ಆಯಿತು. ನಗು ಬಂತು, ಆ ನಗುವೂ ತಡವಾಗಿಯೇ ಕೇಳಿಸಿತು. ತಿದ್ದಿಕೊಂಡು ಮತ್ತೆ ಓದಿದರೆ ‘ಬಲೆ’ ಹೋಗಿ ‘ಬಾಲೆ’ ಬಂದಳು, ‘ಹಳಿ’ ಇದ್ದಲ್ಲಿ ‘ಹಳ್ಳಿ’ ಹುಟ್ಟಿತು.

ಜಯನಗರದ ಒಂದು ಸಣ್ಣ ಚಿಕಿತ್ಸಾಲಯದಲ್ಲಿ ನಾನು ವಾಕ್ ಮತ್ತು ಶ್ರವಣ ತಜ್ಞೆಯಾಗಿ ಕೆಲಸ ಮಾಡುತ್ತೇನೆ. ಉಗ್ಗುವವರೊಡನೆ ಕೂತು ಮಾತಾಡುವುದೇ ದಿನದ ಬಹುಪಾಲು. ತಡವಾದ ದನಿ ಸರಾಗವಾಗಿ ಮಾತಾಡುವವರನ್ನೂ ತಡವರಿಸುವಂತೆ ಮಾಡುತ್ತದೆ ಎಂಬುದು ನಮ್ಮ ವೃತ್ತಿಯಲ್ಲಿ ಹಳೆಯ ಸಂಗತಿ. ಅಮೆರಿಕದ ಬರ್ನಾರ್ಡ್ ಲೀ 1950ರಲ್ಲಿ ಇದನ್ನು ವಿವರಿಸಿ, ‘ಕೃತಕ ಉಗ್ಗು’ ಎಂಬ ಅರ್ಥದ ಹೆಸರಿಟ್ಟರು. ವಯಸ್ಕರಿಗೆ 200 ಮಿಲಿಸೆಕೆಂಡಿನ ಆಸುಪಾಸಿನ ತಡವೇ ಹೆಚ್ಚು ಕಾಡುತ್ತದೆ ಎಂಬುದು ಮುಂದಿನ ವರ್ಷಗಳಲ್ಲಿ ಗೊತ್ತಾಯಿತು. ಕಿವಿ ಕೇಳದು ಎಂದು ನಟಿಸುವವರನ್ನು ಪತ್ತೆ ಹಚ್ಚಲು ಶ್ರವಣ ತಜ್ಞರು ಒಂದು ಕಾಲದಲ್ಲಿ ಇದನ್ನೇ ಬಳಸುತ್ತಿದ್ದರು. ನಿಜವಾಗಿ ಕೇಳಿಸದವನು ತಡವರಿಸುವುದಿಲ್ಲವಷ್ಟೆ. ಈಗ, ಕೇಳುವವರು ಏನನ್ನೂ ಹೇಳಬೇಕಿಲ್ಲದೆ ಮಿದುಳಿನ ಮತ್ತು ಒಳಗಿವಿಯ ಸ್ಪಂದನವನ್ನೇ ನೇರವಾಗಿ ಅಳೆಯುವ ಬೆರಾ ಮತ್ತು ಓಎಇ ಪರೀಕ್ಷೆಗಳು ಬಂದಿರುವುದರಿಂದ ಆ ಉಪಾಯ ಮೂಲೆಗೆ ಸೇರಿದೆ. ಇದೆಲ್ಲವನ್ನೂ ಓದಿ ಪಾಸಾಗಿದ್ದೆನೇ ಹೊರತು, ಕನ್ನಡದಲ್ಲಿ, ನನ್ನ ಮೇಲೆಯೇ, ಮಾಡಿ ನೋಡಿರಲಿಲ್ಲ. ಸ್ವರದ ಉದ್ದವೂ ಒತ್ತಕ್ಷರವೂ ಅರ್ಥವನ್ನೇ ಬದಲಿಸುವ ನಮ್ಮ ಭಾಷೆಯಲ್ಲಿ ಈ ತಡವರಿಕೆ ಬರಿಯ ತಡವರಿಕೆಯಾಗಿ ಉಳಿಯದೆ ಬೇರೆಯ ಪದವೇ ಆಗಿಬಿಡುತ್ತದೆ ಎಂಬುದನ್ನು ಆ ಕತ್ತೆಯೇ ನನಗೆ ಕಲಿಸಿದ್ದು.

ಸಲಕರಣೆ ದೊಡ್ಡದೇನಲ್ಲ. ಎಸ್.ಪಿ. ರಸ್ತೆಯಲ್ಲಿ ಕೊಂಡ, ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಒಂದು ಆಡಿಯೋ ಇಂಟರ್‌ಫೇಸ್, ಕಾಲರಿಗೆ ಸಿಕ್ಕಿಸುವ ಮೈಕು, ಹಳೆಯ ಲ್ಯಾಪ್‌ಟಾಪು, ದನಿಯನ್ನು ಅಳೆಯಲು ಪ್ರಾಟ್ ಎಂಬ ಉಚಿತ ತಂತ್ರಾಂಶ. ಕಷ್ಟವಾದದ್ದು ಸದ್ದಿಲ್ಲದ ಜಾಗ. ಬನಶಂಕರಿಯ ನಮ್ಮ ಮನೆಯ ಹಿಂದಿನ ಕೋಣೆಯ ಕಿಟಕಿಗೆ ಎರಡು ಕೌದಿ ಇಳಿಬಿಟ್ಟು, ಸೀರೆ ತುಂಬಿದ ಬೀರುವಿನ ಬಾಗಿಲನ್ನು ತೆರೆದಿಟ್ಟು ಅದಕ್ಕೆ ಎದುರಾಗಿ ಕೂತರೆ ಗೋಡೆಯ ಮಾರ್ದನಿ ಸಾಕಷ್ಟು ಅಡಗುತ್ತದೆ. ಆದರೂ ರಾತ್ರಿ ಹನ್ನೊಂದಕ್ಕೆ ಮುಂಚೆ ಏನನ್ನೂ ಅಳೆಯುವಂತಿರಲಿಲ್ಲ, ಏಕೆಂದರೆ ಹೊರಗಿನ ಆಟೋಗಳ ಹಾರ್ನ್ ಸದ್ದು ರೆಕಾರ್ಡಿಂಗನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ ಮಾತನ್ನೇ ಬದಲಿಸುತ್ತಿತ್ತು. ಸುತ್ತ ಗದ್ದಲವಿದ್ದರೆ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಕಿವಿ-ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲೇ ತೋರಿಸಿದ್ದರು. ಇದಕ್ಕೆ ಹೊರಗೆ ಗದ್ದಲ ಇರಲೇಬೇಕೆಂದಿಲ್ಲ. ನಾನು ಹೆಡ್‌ಫೋನಿಗೆ ಮಾತ್ರ ಗದ್ದಲ ಹಾಕಿಕೊಂಡು ಓದುತ್ತಿದ್ದಾಗ ಪಕ್ಕದ ಕೋಣೆಯಿಂದ ಎದ್ದು ಬಂದ ನಮ್ಮ ಅತ್ತೆ, “ಯಾಕಮ್ಮಾ ಹೀಗೆ ಕಿರುಚ್ತಾ ಇದ್ದೀಯ, ಯಾರಿಗಾದರೂ ಏನಾದರೂ ಆಯ್ತಾ?” ಎಂದು ಗಾಬರಿಯಿಂದ ಕೇಳಿದರು. ನಾನು ಮೆಲ್ಲಗೆ ಓದುತ್ತಿದ್ದೇನೆ ಎಂದೇ ನಂಬಿದ್ದೆ.

ಮೊದಲ ಎರಡು ವಾರ ಮಾಡಿದ ಕೆಲಸವನ್ನೆಲ್ಲ ನಾನು ಎಸೆಯಬೇಕಾಯಿತು. ಅದನ್ನು ಹೇಳದೆ ಮುಂದುವರಿದರೆ ಇದನ್ನು ಮಾಡಹೊರಟವರಿಗೆ ಅನ್ಯಾಯ ಮಾಡಿದಂತೆ. ಆರು ಮಂದಿ ಸ್ನೇಹಿತರನ್ನು ಕೂರಿಸಿ, ಮೊದಲು ತಡವಿಲ್ಲದೆ, ಆಮೇಲೆ 200 ಮಿಲಿಸೆಕೆಂಡಿನ ತಡದಲ್ಲಿ ಓದಿಸಿದ್ದೆ. ತಡವಿಲ್ಲದ ಓದಿನಲ್ಲೇ ಅವರೆಲ್ಲ ಎಳೆದೆಳೆದು ಓದುತ್ತಿದ್ದುದನ್ನು ಕಂಡು, ಹೊಸ ಜಾಗದ ಸಂಕೋಚವಿರಬೇಕು ಎಂದುಕೊಂಡಿದ್ದೆ. ಒಂದು ದಿನ ಅನುಮಾನ ಬಂದು ಹೆಡ್‌ಫೋನಿನ ಒಂದು ಬಟ್ಟಲನ್ನು ಬೇರೊಂದು ರೆಕಾರ್ಡರಿನ ಪಕ್ಕದಲ್ಲಿಟ್ಟು, ಮೈಕಿನ ಮುಂದೆ ಸ್ಟೀಲು ಲೋಟಕ್ಕೆ ಚಮಚದಿಂದ ಒಮ್ಮೆ ಬಡಿದೆ. ರೆಕಾರ್ಡರಿನಲ್ಲಿ ಲೋಟದ ನೇರ ಸದ್ದೂ ಹೆಡ್‌ಫೋನಿನ ಮೂಲಕ ಬಂದ ಸದ್ದೂ ಎರಡು ಶಿಖರಗಳಾಗಿ ಮೂಡಿದ್ದವು, ಅವುಗಳ ನಡುವಿನ ಅಂತರ 180 ಮಿಲಿಸೆಕೆಂಡು. ತಂತ್ರಾಂಶದಲ್ಲಿ ತಡ ಸೊನ್ನೆ ಎಂದೇ ಇತ್ತು; ತಡ ಇದ್ದದ್ದು ಬ್ಲೂಟೂತಿನಲ್ಲಿ. ಎಂದರೆ ನನ್ನ ‘ಸಹಜ’ ಓದು ಎಂಬುದು ಅತಿ ಹೆಚ್ಚು ಕಾಡುವ ತಡದ ಹತ್ತಿರದಲ್ಲೇ ಇತ್ತು. ತಂತಿಯ ಹೆಡ್‌ಫೋನು ಹಾಕಿದ ಮೇಲೆ ಅದೇ ಅಂತರ 12ಕ್ಕೆ ಇಳಿಯಿತು. ಅಂದಿನಿಂದ ಪ್ರತಿ ಸಲವೂ ಕೆಲಸಕ್ಕೆ ಮೊದಲು ಲೋಟ ಬಡಿಯುವುದು ನನ್ನ ಗಣಪತಿ ಪೂಜೆಯಾಗಿದೆ.

ಇನ್ನೊಂದು ತೊಡಕು ಮೂಳೆಯದು. ನಮ್ಮ ದನಿ ಗಾಳಿಯ ಮೂಲಕವಷ್ಟೇ ಅಲ್ಲದೆ ತಲೆಬುರುಡೆಯ ಮೂಲಕವೂ ಒಳಗಿವಿಯನ್ನು ಮುಟ್ಟುತ್ತದೆ, ಮತ್ತು ಆ ದಾರಿಯಲ್ಲಿ ಯಾವ ಯಂತ್ರವೂ ತಡ ಹಾಕಲಾರದು. ಹೆಡ್‌ಫೋನಿನ ದನಿ ಇದನ್ನು ಮುಚ್ಚುವಷ್ಟು ಜೋರಾಗಿರಬೇಕು, ಆದರೆ ಕಿವಿಗೆ ಕೆಡುಕಾಗುವಷ್ಟು ಇರಬಾರದು. ಶಬ್ದಮಾಪಕವಿಲ್ಲದೆ ಈ ಕೆಲಸಕ್ಕೆ ಯಾರೂ ಕೈ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಇಷ್ಟೆಲ್ಲ ಆದ ಮೇಲೆಯೂ ಪ್ರಶ್ನೆ ಉಳಿಯುತ್ತದೆ: ತನ್ನ ದನಿ ತಡವಾಗಿ ಕೇಳಿದರೆ ಬಾಯೇಕೆ ತಡವರಿಸಬೇಕು? ಬಾಯಿಗೆ ಕಿವಿಯ ಅಪ್ಪಣೆ ಬೇಕೆಂದೇನೂ ಇಲ್ಲ. ದೊಡ್ಡವರಾದ ಮೇಲೆ ಕಿವುಡಾದವರು ವರ್ಷಗಟ್ಟಲೆ ಅರ್ಥವಾಗುವಂತೆ ಮಾತಾಡುತ್ತಾರೆ. ದನಿಯ ಏರಿಳಿತ, ಗಟ್ಟಿತನ, ಸಕಾರ-ಶಕಾರಗಳ ಸ್ಪಷ್ಟತೆ ಮೆಲ್ಲಮೆಲ್ಲನೆ ಸಡಿಲವಾಗುತ್ತವೆ, ಅಷ್ಟೆ. ವಿವರಣೆ ಇರುವುದು ನಿರೀಕ್ಷೆಯಲ್ಲಿ. ಮಿದುಳು ನಾಲಗೆ-ತುಟಿಗಳಿಗೆ ಆಜ್ಞೆ ಕಳಿಸುವಾಗಲೇ ಅದರ ಒಂದು ಪ್ರತಿಯನ್ನು ಕೇಳುವ ಭಾಗಕ್ಕೂ ಕಳಿಸಿ, ಇಂಥ ದನಿ ಇಂಥ ಹೊತ್ತಿಗೆ ಬರಲಿದೆ ಎಂದು ಮೊದಲೇ ತಿಳಿಸಿರುತ್ತದೆ. ಆಜ್ಞೆಯ ಪ್ರತಿ ಎಂಬ ಈ ಕಲ್ಪನೆಯನ್ನು ಜರ್ಮನಿಯ ಫಾನ್ ಹೋಲ್ಸ್ಟ್ ಮತ್ತು ಮಿಟ್ಟೆಲ್‌ಸ್ಟೆಟ್ ಮಂಡಿಸಿದ್ದು, ತಲೆಯನ್ನು ತಿರುಚಿ ಅಂಟಿಸಿದ ನೊಣಗಳ ನಡೆಯನ್ನು ನೋಡಿ, ಲೀ ಅವರ ಬರಹ ಬಂದ ಅದೇ 1950ರಲ್ಲಿ. ಎರಡೂ ಒಂದೇ ಹಗ್ಗದ ಎರಡು ತುದಿಗಳೆಂಬುದು ಆಗ ಯಾರಿಗೂ ಹೊಳೆದಿರಲಾರದು. ನಿರೀಕ್ಷಿಸಿದ ದನಿಯೇ ಬಂದರೆ ಶ್ರವಣ ಭಾಗ ಹೆಚ್ಚು ಎಚ್ಚರಗೊಳ್ಳುವುದಿಲ್ಲ. ನಾವು ಮಾತಾಡುವಾಗ ಕೇಳುವ ನಮ್ಮ ದನಿಗೆ ಮಿದುಳು ತೋರುವ ಸ್ಪಂದನ, ಅದೇ ದನಿಯ ರೆಕಾರ್ಡಿಂಗನ್ನು ಸುಮ್ಮನೆ ಕೂತು ಕೇಳುವಾಗ ಇರುವುದಕ್ಕಿಂತ ಕಡಿಮೆ. ಮಾರ್ಮೊಸೆಟ್ ಎಂಬ ಪುಟ್ಟ ಕೋತಿಗಳ ಶ್ರವಣ ಭಾಗದ ಬಹುಪಾಲು ನರಕೋಶಗಳು ಕೂಗು ಹೊರಡುವ ಮೊದಲೇ ತಣ್ಣಗಾಗುವುದನ್ನು ಎಲಿಯೇಡ್ಸ್ ಮತ್ತು ವಾಂಗ್ 2003ರಲ್ಲಿ ತೋರಿಸಿದರು. ಹಾಗೆ ತಣ್ಣಗಾಗುವ ಕೋಶಗಳೇ ದನಿಯನ್ನು ಬದಲಿಸಿ ಕೇಳಿಸಿದಾಗ ಹೆಚ್ಚು ಸೂಕ್ಷ್ಮವಾಗಿ ಮಿಡಿಯುತ್ತವೆ ಎಂಬುದು 2008ರಲ್ಲಿ ಅವರೇ ಕೊಟ್ಟ ಇನ್ನಷ್ಟು ಸ್ವಾರಸ್ಯದ ಸುದ್ದಿ. ನನ್ನ ಕತ್ತೆಯ ಮೂಲ ಇಲ್ಲಿದೆ ಎಂದು ನಾನು ತಿಳಿಯುತ್ತೇನೆ: ‘ತೆ’ ಹೇಳುವ ಹೊತ್ತಿಗೆ ಕಿವಿಗೆ ಇನ್ನೂ ‘ಕ’ ಬರುತ್ತಿದ್ದರೆ, ಬಾಯಿ ಅದಕ್ಕಾಗಿ ಕಾದು ನಿಂತಂತಾಗಿ ತಕಾರದ ಮೇಲೆ ಭಾರ ಬೀಳುತ್ತದೆ.

ತಡಕ್ಕಿಂತ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಸ್ವರವನ್ನೇ ಬದಲಿಸಿ ಕೇಳಿಸುವ ಪ್ರಯೋಗ. ಅಮೆರಿಕದ ಎಂಐಟಿಯಲ್ಲಿ ಮಾಡಿ ಹೌಡ್ ಮತ್ತು ಜೋರ್ಡನ್ 1998ರಲ್ಲಿ ಪ್ರಕಟಿಸಿದ ಕೆಲಸದ ದಾರಿಯನ್ನೇ ನಾನು ಸಣ್ಣ ಮಟ್ಟದಲ್ಲಿ ಹಿಡಿದೆ. ಅವರು ಜನರಿಂದ ಪಿಸುಗುಟ್ಟಿಸಿದ್ದರು; ಪಿಸುಮಾತಿನಲ್ಲಿ ಮೂಳೆಯ ದಾರಿಯ ದನಿ ಬಹಳ ಕ್ಷೀಣವಾಗಿರುವುದರಿಂದ ಅದು ಜಾಣ ಉಪಾಯ. ನಾನು ಮಾಮೂಲಿ ದನಿಯಲ್ಲೇ ಮಾಡಿದೆ. ನನ್ನ ಗಂಡನನ್ನು ಕೂರಿಸಿ ‘ಕೆರೆ’ ಎಂಬ ಒಂದೇ ಪದವನ್ನು ನೂರ ಅರವತ್ತು ಸಲ ಹೇಳಿಸಿದೆ. (“ಬೆಂಗಳೂರಲ್ಲಿ ಇಷ್ಟೊಂದು ಕೆರೆ ಉಳಿದೇ ಇಲ್ಲ ಕಣೇ” ಎಂಬುದು ಎಪ್ಪತ್ತನೆಯ ಕೆರೆಯ ಹೊತ್ತಿಗೆ ಬಂದ ತಕರಾರು.) ಅವರ ಎಕಾರದ ಮೊದಲ ಫಾರ್ಮೆಂಟ್, ಎಂದರೆ ಬಾಯಿ ಎಷ್ಟು ತೆರೆದಿದೆ ಎಂಬುದನ್ನು ಹೆಚ್ಚು ಕಡಿಮೆ ಹೇಳಿಕೊಡುವ ಅನುರಣನದ ಆವರ್ತ, ಸುಮಾರು 500 ಹರ್ಟ್ಸ್ ಇತ್ತು. ಅದನ್ನು ಅವರಿಗೆ ಗೊತ್ತಾಗದಷ್ಟು ನಿಧಾನವಾಗಿ ಏರಿಸುತ್ತ 625ಕ್ಕೆ ತಂದೆ. ಎಂದರೆ ಅವರು ‘ಕೆರೆ’ ಎಂದರೆ ಅವರ ಕಿವಿಗೆ ‘ಕ್ಯಾರೆ’ಯ ಕಡೆಗೆ ವಾಲಿದ ದನಿ ಬೀಳುತ್ತಿತ್ತು. ಕೊನೆಯ ಸುತ್ತಿನಲ್ಲಿ ಅವರ ಬಾಯಿಂದ ನಿಜವಾಗಿ ಹೊರಡುತ್ತಿದ್ದ ಎಕಾರ 465ಕ್ಕೆ ಇಳಿದಿತ್ತು. ಹೆಡ್‌ಫೋನಿಲ್ಲದೆ ಪಕ್ಕದಲ್ಲಿ ಕೂತಿದ್ದ ನನಗೆ ಅದು ‘ಕಿರೆ’ಯ ನೆರೆಗೆ ಬಂದಂತೆ ಕೇಳುತ್ತಿತ್ತು. ಅವರನ್ನು ಕೇಳಿದರೆ, ಮೊದಲಿಂದ ಕೊನೆಯವರೆಗೆ ಒಂದೇ ಥರ ಹೇಳಿದೆ ಎಂದರು.

ಇಲ್ಲಿ ಎರಡು ಸಂಗತಿಗಳನ್ನು ನಿಧಾನವಾಗಿ ನೋಡಬೇಕು. ಏರಿಸಿದ 125 ಹರ್ಟ್ಸಿನಲ್ಲಿ ಅವರು ತಿದ್ದಿಕೊಂಡದ್ದು 35 ಮಾತ್ರ. ಇದು ಅವರೊಬ್ಬರ ಸೋಮಾರಿತನವಲ್ಲ. ಇಂಥ ಪ್ರಯೋಗಗಳಲ್ಲೆಲ್ಲ ತಿದ್ದುಪಡಿ ಅರೆಬರೆಯಾಗಿಯೇ ಇರುತ್ತದೆ. ಕಿವಿ ‘ತಪ್ಪಿತು’ ಎಂದು ದೂರುವಾಗ ನಾಲಗೆ-ದವಡೆಗಳ ಸ್ಪರ್ಶಜ್ಞಾನ ‘ಸರಿಯಾದ ಜಾಗದಲ್ಲೇ ಇದ್ದೇನೆ’ ಎಂದು ಸಾಕ್ಷಿ ಹೇಳುತ್ತಿರುತ್ತದೆ, ಮಿದುಳು ಇಬ್ಬರ ಮಾತನ್ನೂ ಕೇಳಬೇಕು. ಎರಡನೆಯದು, ಹೆಡ್‌ಫೋನಿಗೆ ಗದ್ದಲ ಮಾತ್ರ ಹಾಕಿ ಸ್ವಂತ ದನಿಯನ್ನೇ ಮುಚ್ಚಿಬಿಟ್ಟ ಮೇಲೂ ಮುಂದಿನ ಹತ್ತಾರು ಕೆರೆಗಳು ತಗ್ಗಿದಂತೆಯೇ ಬಂದವು. ಕೇಳಿಸದೆ ಇರುವ ತಪ್ಪನ್ನು ಯಾರೂ ಆ ಕ್ಷಣಕ್ಕೆ ತಿದ್ದಲಾರರು. ಹಾಗಾದರೆ ಬದಲಾದದ್ದು ಆಜ್ಞೆಯೇ. ಆ ಕ್ಷಣದ ತಿದ್ದುಪಡಿ ಒಂದು, ಮುಂದಿನ ಮಾತಿನ ಯೋಜನೆಯ ತಿದ್ದುಪಡಿ ಇನ್ನೊಂದು. ಕಿರುಮಿದುಳು ಸವೆಯುವ ಕಾಯಿಲೆಯವರಲ್ಲಿ ಈ ಎರಡನೆಯದು ಕುಗ್ಗಿರುತ್ತದೆ ಎಂಬ ಅಧ್ಯಯನವನ್ನು ಓದಿದಾಗ ನನಗೆ ಈ ಭೇದ ಕಾಗದದಿಂದ ಎದ್ದು ಬಂದಂತಾಗಿತ್ತು. ಮೊದಲನೆಯದರ ನೆಲೆಯನ್ನು ಟೂರ್ವಿಲ್, ರೈಲಿ, ಗುಂಥರ್ ಅವರು 2008ರಲ್ಲಿ, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂಬುದನ್ನು ತೋರಿಸುವ ಎಫ್‌ಎಂಆರ್‌ಐ ಚಿತ್ರಗಳಲ್ಲಿ ಹುಡುಕಿದ್ದರು: ಸ್ವರ ಬದಲಾದಾಗ ಎರಡೂ ಬದಿಯ ಕಪೋಲಪಾಲಿಯ (ಕಿವಿಯ ಬಳಿಯ ಮಿದುಳಿನ ಭಾಗ) ಮೇಲಂಚಿನ ಹಿಂಭಾಗವೂ ಬಲಬದಿಯ ಮುಂಭಾಗದ ಚಲನ ಪ್ರದೇಶಗಳೂ ಹೆಚ್ಚು ಚುರುಕಾಗಿದ್ದವು.

ನನ್ನ ನಾದಿನಿ ಹದಿನೈದು ವರ್ಷ ಕರ್ನಾಟಕ ಸಂಗೀತ ಕಲಿತವಳು. ತಂಬೂರಿಯ ಶ್ರುತಿಯಲ್ಲಿ ಅವಳಿಂದ ಷಡ್ಜವನ್ನು ಹಿಡಿಸಿ, ನಡುವೆ ತಟ್ಟನೆ ಅವಳ ಕಿವಿಗೆ ಮಾತ್ರ ಅದನ್ನು ಚತುಃಶ್ರುತಿ ರಿಷಭಕ್ಕೆ, ಎಂದರೆ 200 ಸೆಂಟ್ಸ್ (ಒಂದು ಸ್ವರಸ್ಥಾನಕ್ಕೆ 100 ಸೆಂಟ್ಸ್) ಮೇಲಕ್ಕೆ, ಏರಿಸಿದೆ. ಅವಳು ಕದಲಲಿಲ್ಲ. “ಅತ್ತಿಗೆ, ಯಾರೋ ಬೇರೆಯವರು ಜೊತೆಗೆ ಹಾಡಿದ ಹಾಗಿತ್ತು” ಎಂದಳು. ಆಮೇಲೆ 25 ಸೆಂಟ್ಸ್ ಮಾತ್ರ ಏರಿಸಿದೆ. ಒಂದು ಸ್ವರಸ್ಥಾನದ ಕಾಲು ಭಾಗ. ಈ ಸಲ ಅವಳ ಷಡ್ಜ ಕೆಳಕ್ಕೆ ಜಾರಿತು, ಅದೂ ಬದಲಾವಣೆಯಾದ ಸುಮಾರು 130 ಮಿಲಿಸೆಕೆಂಡಿಗೆ. “ನಾನು ಇಳಿಸಲೇ ಇಲ್ಲ” ಎಂದು ಪಟ್ಟು ಹಿಡಿದವಳಿಗೆ ಪರದೆಯ ಮೇಲಿನ ಗೆರೆಯನ್ನು ತೋರಿಸಬೇಕಾಯಿತು, ಅವಳು ಆ ಸಂಜೆ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮಾಂಟ್ರಿಯಲ್ಲಿನ ಝರಾಟೆ ಮತ್ತು ಝಟೋರೆ ಅವರ ಅಧ್ಯಯನಗಳೂ ಇದನ್ನೇ ಹೇಳುತ್ತವೆ: ದೊಡ್ಡ ಪಲ್ಲಟವನ್ನು ನುರಿತ ಗಾಯಕರು ಕಡೆಗಣಿಸಬಲ್ಲರು, ಸಣ್ಣದನ್ನು ಅವರೂ ತಡೆಯಲಾರರು. ದೊಡ್ಡ ತಪ್ಪನ್ನು ಮಿದುಳು ಪರರದೆಂದು ಬಿಡುತ್ತದೆ, ಸಣ್ಣದನ್ನು ತನ್ನದೆಂದು ಒಪ್ಪಿ ತಿದ್ದುತ್ತದೆ ಎಂದು ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಚಿಕಿತ್ಸೆಗೆ ಬಂದಾಗ ಎಲ್ಲವೂ ತಿರುವುಮುರುವು. ಸರಾಗ ಮಾತಿನವರನ್ನು ಕೆಡಿಸುವ ತಡ, ಉಗ್ಗುವವರಲ್ಲಿ ಹಲವರ ಮಾತನ್ನು ಸರಾಗವಾಗಿಸುತ್ತದೆ. ಅವರಿಗೆ 50 ಮಿಲಿಸೆಕೆಂಡಿನಷ್ಟು ಸಣ್ಣ ತಡವೂ ಸಾಕಾಗಬಹುದು. ಜೊತೆಗೆ ಇನ್ನೊಬ್ಬರು ಓದಿದರೆ ಉಗ್ಗು ಕಾಣೆಯಾಗುತ್ತದೆ ಎಂಬುದು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತ ಪ್ರತಿ ಉಗ್ಗುವ ಮಗುವಿಗೂ ಗೊತ್ತು, ತಡವಾದ ದನಿಯೂ ಅಂಥದೇ ಜೊತೆಗಾರ ಇರಬಹುದು. ನನ್ನ ಬಳಿ ಬರುವ ಒಬ್ಬ ಯುವಕನಿಗೆ ಫೋನಿನಲ್ಲಿ ಹೆಸರು ಹೇಳುವುದೇ ಗಂಡಾಂತರ. 50 ಮಿಲಿಸೆಕೆಂಡಿನ ತಡ ಹಾಕಿದ ದಿನ ಅವರು ಪುಟವನ್ನು ಒಂದೇ ಉಸಿರಿನಲ್ಲೆಂಬಂತೆ ಓದಿದರು. ಮೂರು ವಾರದ ಮೇಲೆ, “ಮೇಡಂ, ಕಿವೀಲಿ ಇರೋಷ್ಟು ಹೊತ್ತು ಸರಿ, ತೆಗೆದರೆ ಮತ್ತೆ ಅದೇ ಕತೆ” ಎಂದರು. ನಾನು ಕಂಡಂತೆ ಇದು ನಿಜ. ಎಲ್ಲರಿಗೂ ಇದು ಒಗ್ಗುವುದಿಲ್ಲ, ಒಗ್ಗಿದವರಲ್ಲೂ ಗುಣ ಒಂದೇ ಸಮನೆ ಉಳಿಯುವುದಿಲ್ಲ. ಹಾಗಾಗಿ ಮೃದುವಾಗಿ ದನಿ ಆರಂಭಿಸುವ ಅಭ್ಯಾಸವನ್ನೇ ಮುಖ್ಯವಾಗಿಟ್ಟುಕೊಂಡು, ತಡವನ್ನು ಕಷ್ಟದ ಕರೆಗಳಿಗೆ ಮಾತ್ರ ಉಳಿಸಿಕೊಂಡಿದ್ದೇವೆ.

ಕಳೆದ ಸಲ ಬಂದಾಗ ಅವರು ಹೆಡ್‌ಫೋನನ್ನು ನನ್ನ ಕಡೆಗೆ ಚಾಚಿ, “ನೀವು ಓದಿ ಮೇಡಂ, ಇನ್ನೂರರಲ್ಲಿ” ಎಂದರು. ಲೋಟ ಬಡಿದು ನೋಡಿ, ಓದಿದೆ. ಮೂರನೆಯ ಸಾಲಿಗೆ ಕತ್ತೆ ಬಂತು. ಅವರು ನಗು ತಡೆದುಕೊಂಡು, ಉಳಿದ ಪುಟವನ್ನೂ ಓದುವಂತೆ ಕೈಸನ್ನೆ ಮಾಡಿದರು.