ಆಸ್ಪತ್ರೆಯಲ್ಲಿ ನಿಮ್ಮ ಪರವಾಗಿ ಮಾತಾಡುವವರು ಯಾರು?

ಗುಣವಾಗದ ಕಾಯಿಲೆಯಲ್ಲಿ ಪ್ರಜ್ಞೆ ತಪ್ಪಿದಾಗ ವೆಂಟಿಲೇಟರ್ ಮುಂದುವರಿಸಬೇಕೇ, ನಿಲ್ಲಿಸಬೇಕೇ? ನಿಮ್ಮ ಇಚ್ಛೆಯನ್ನೂ, ಅದನ್ನು ವೈದ್ಯರಿಗೆ ಹೇಳುವವರ ಹೆಸರನ್ನೂ ಮೊದಲೇ ಒಂದು ಪತ್ರದಲ್ಲಿ (ಲಿವಿಂಗ್ ವಿಲ್) ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು.

ಹಿರಿಯ ಮಗ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಆರಿಸಬೇಡಿ. ರಾತ್ರಿ ಕರೆದರೂ ಬೇಗ ಬರಬಲ್ಲವರು, ನೆಂಟರ ಒತ್ತಡಕ್ಕೆ ಬಗ್ಗದವರು, ತಮಗೆ ಬೇಕಾದುದನ್ನಲ್ಲ, ನೀವು ಹೇಳಿದ್ದನ್ನೇ ಹೇಳುವವರು ಬೇಕು. ಬಹಳ ಪ್ರೀತಿಸುವವರಿಗೇ ಇದು ಕಷ್ಟವಾಗುವುದುಂಟು. ಆದ್ದರಿಂದ ಮೊದಲು ಅವರೊಂದಿಗೆ ಕೂತು ಮಾತಾಡಿ: ಡಯಾಲಿಸಿಸ್, ಮೂಗಿನ ನಳಿಕೆಯ ಆಹಾರ, ನಿಂತ ಹೃದಯವನ್ನು ಒತ್ತಿ ಎಬ್ಬಿಸುವುದು, ಒಂದೊಂದನ್ನೂ ಹೆಸರಿಸಿ, ನಾನು ಬೇಡವೆಂದರೆ ವೈದ್ಯರಿಗೆ ಹಾಗೇ ಹೇಳುವಿರಾ ಎಂದು ಕೇಳಿ. ಒಬ್ಬರಿಗಿಂತ ಹೆಚ್ಚು ಜನರನ್ನು ಹೆಸರಿಸಬಹುದು. ಆದರೆ ಯಾರ ಮಾತು ಮೊದಲು ಎಂದು ಬರೆಯದಿದ್ದರೆ ಐಸಿಯು ಬಾಗಿಲಲ್ಲೇ ಜಗಳ.

18 ತುಂಬಿದ, ಬುದ್ಧಿ ಸ್ವಾಧೀನದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಸಾಕ್ಷಿಗಳು ಮನೆಯವರಲ್ಲದಿದ್ದರೆ ಒಳ್ಳೆಯದು. ಪ್ರತಿಗಳನ್ನು ಹೆಸರಿಸಿದವರಿಗೆ, ಮನೆ ವೈದ್ಯರಿಗೆ, ಪಾಲಿಕೆ ಅಥವಾ ಪಂಚಾಯಿತಿಯಲ್ಲಿ ಇದಕ್ಕೆಂದು ನೇಮಿಸಿದ ಅಧಿಕಾರಿಗೆ ಕೊಡಿ. ಬ್ಯಾಂಕ್ ಲಾಕರಿನಲ್ಲಿಟ್ಟ ಪತ್ರ ತುರ್ತಿಗೆ ಸಿಗುವುದಿಲ್ಲ. ಮನಸ್ಸು ಬದಲಾದರೆ ಲಿಖಿತವಾಗಿ ಯಾವಾಗ ಬೇಕಾದರೂ ಹಿಂಪಡೆಯಬಹುದು. ಆಗ ಹಳೆಯ ಪ್ರತಿಗಳನ್ನೆಲ್ಲ ವಾಪಸು ಪಡೆಯಿರಿ.