ನೇವಲ್ ಬೇಸ್‌ಗೆ ಅಂಟಿದ್ದ ಹೊಕ್ಕುಳು ಬಿಡಿಸಿದ್ದು – ನನ್ನ ಅನುಭವ

ಒಂದೇ ತರಹ ಕೇಳಿಸುವ ಇಂಗ್ಲಿಷ್ ಪದಗಳನ್ನು ಜೋಡಿಯಾಗಿ ಕಲಿಸಬೇಡಿ. ಒಂದನ್ನು ಈಗ ಕಲಿಸಿ, ಇನ್ನೊಂದನ್ನು ಮೂರು ನಾಲ್ಕು ವಾರ ಮುಚ್ಚಿಡಿ. ಕಾರವಾರದಲ್ಲಿ ಟ್ಯೂಷನ್ ನಡೆಸುವ ಗೆಳೆಯರಿಗೆ ಇದನ್ನು ಹೇಳಿದಾಗ ನಕ್ಕುಬಿಟ್ಟರು. "ಪಕ್ಕಪಕ್ಕ ಇಟ್ಟು ತೋರಿಸದೆ ವ್ಯತ್ಯಾಸ ತಿಳಿಯುವುದು ಹೇಗೆ ಮಾರಾಯ?" ಎಂದರು. ಗೈಡುಗಳಲ್ಲೂ ಹಾಗೇ ಅಲ್ವಾ, ಎಡಗಡೆ ಒಂದು ಕಾಲಂ, ಬಲಗಡೆ ಒಂದು. ಈಗ ಅದೇ ಗೆಳೆಯರಲ್ಲಿ ಇಬ್ಬರು ನನ್ನ ನೋಟ್ಸ್ ಕೇಳಿದ್ದಾರೆ.

ನನ್ನ ಹತ್ತಿರ ಬರುವವರು ಎಂಟರಿಂದ ಹತ್ತನೇ ಕ್ಲಾಸಿನ ಕನ್ನಡ ಮಾಧ್ಯಮದ ಮಕ್ಕಳು. ಕೋಡಿಬಾಗ, ಬೈತಖೋಲ್ ಕಡೆಯವರು ಜಾಸ್ತಿ. ಇವರಿಗೆ ಅರ್ಥ ಗೊತ್ತಿಲ್ಲ ಎಂದುಕೊಂಡರೆ ತಪ್ಪು. ಒಂದೇ ಸದ್ದಿಗೆ ಎರಡು ಅರ್ಥ ಇರುವುದು ಕನ್ನಡದ ಮಕ್ಕಳಿಗೆ ಹೊಸದೇ ಅಲ್ಲ. ಬೆಳಿಗ್ಗೆ ಏಳು ಗಂಟೆಗೆ ಏಳು ಎಂದರೆ ಯಾರೂ ಗೊಂದಲಪಡುವುದಿಲ್ಲ. ಆದರೆ ನಮ್ಮಲ್ಲಿ ಸದ್ದು ಒಂದೇ ಆದರೆ ಬರಹವೂ ಒಂದೇ. ಇಂಗ್ಲಿಷ್‌ನಲ್ಲಿ ಬರಹ ಬೇರೆಯಾಗುತ್ತದೆ, ಅಲ್ಲೇ ಕೈ ತಪ್ಪುವುದು. ನಮ್ಮೂರಿನ ಬಗ್ಗೆ ಪ್ರಬಂಧ ಬರೆಯಿರಿ ಎಂದರೆ ಅರ್ಧ ಕ್ಲಾಸು ನೇವಲ್ ಬೇಸ್ ಎಂದು ಬರೆಯುವಾಗ ಕೊನೆಯಲ್ಲಿ ಎ-ಎಲ್ ಬದಲು ಇ-ಎಲ್ ಹಾಕುತ್ತಿತ್ತು. ನೌಕಾನೆಲೆ ಹೋಗಿ ಹೊಕ್ಕುಳಿನ ನೆಲೆ ಆಗುತ್ತಿತ್ತು. ನಮ್ಮೂರಿನ ನೌಕಾನೆಲೆ ಐಎನ್ಎಸ್ ಕದಂಬ 2005ರಲ್ಲಿ ಶುರುವಾಯಿತು. ಟಾಗೋರ್ ಬೀಚಿನಲ್ಲಿ ಚಪಲ್ ಯುದ್ಧನೌಕೆಯ ಮ್ಯೂಸಿಯಂ ಕಣ್ಣಿಗೆ ಬೀಳುವಂತೆ ನಿಂತಿದೆ. ಆದರೂ ಹೊಕ್ಕುಳು!

ಮೊದಲು ಫ್ಲ್ಯಾಶ್ ಕಾರ್ಡ್ ಮಾಡಿಸಿದ್ದೆ. ಪ್ರಿಂಟ್, ಲ್ಯಾಮಿನೇಷನ್ ಎಲ್ಲ ಸೇರಿ ನಾಲ್ಕು ಸಾವಿರದ ಆಸುಪಾಸು ಹೋಯಿತು. ಒಂದೇ ಮಳೆಗಾಲಕ್ಕೆ ಅಂಚು ಬಿಟ್ಟುಕೊಂಡವು. ಅದಿರಲಿ, ಮಕ್ಕಳು ಕಲಿತದ್ದು ಸ್ಪೆಲ್ಲಿಂಗನ್ನಲ್ಲ, ಜಾಗವನ್ನು. ಎಡಗಡೆಯ ಸೇಲ್ ಹಾಯಿಯದ್ದು, ಬಲಗಡೆಯ ಸೇಲ್ ಮಾರಾಟದ್ದು. ಉತ್ತರಪತ್ರಿಕೆಯಲ್ಲಿ ಎಡ ಬಲ ಎಲ್ಲಿದೆ? ಎರಡನ್ನೂ ಒಟ್ಟಿಗೆ ಕಲಿತವನಿಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ, ಆಮೇಲೆ ನಾಣ್ಯ ಹಾರಿಸುತ್ತಾನೆ.

ಆಮೇಲೆ ಆ್ಯಪ್. ವರ್ಷಕ್ಕೆ ಒಂದೂವರೆ ಸಾವಿರ ಕಟ್ಟಿದೆ. ಚಂದದ ದನಿಯಲ್ಲಿ ಪದ ಓದುತ್ತಿತ್ತು. ಎರಡೂ ಒಂದೇ ತರಹ ಕೇಳಿಸುವುದೇ ತೊಂದರೆ, ಅದನ್ನು ಮತ್ತೆ ಮತ್ತೆ ಕೇಳಿಸಿದರೆ ಏನು ಬಂತು? ಮೇಲಿಂದ ಒಂದು ತಮಾಷೆ. ಬಂದರಿನಲ್ಲಿ ತೇಲುವ ಗುರುತಿನ ಬುರುಡೆಗೆ ಬ್ರಿಟಿಷರು ಹುಡುಗನಿಗೆ ಹೇಳುವ ಹಾಗೇ ಬಾಯ್ ಎನ್ನುತ್ತಾರೆ. ಅಮೆರಿಕದ ದನಿ ಅದನ್ನು ಬೂಯಿ ಎಂದಿತು. ಕ್ಲಾಸು ಅವತ್ತು ನಕ್ಕು ಮುಗಿಯಲಿಲ್ಲ. ಆ ವರ್ಷ ನಾಲ್ಕೈದು ಮಕ್ಕಳು ಬಿಟ್ಟು ಹೋದರು. ತಲೆಗೆ ತಿಂಗಳಿಗೆ ಐನೂರರ ಲೆಕ್ಕ, ಬಿಸಿ ತಟ್ಟಿತು.

ಈಗ ಮಾಡುವುದು ಹೀಗೆ. ಪ್ರತಿ ಪದವನ್ನೂ ಅದರ ಬಳಗದ ಜೊತೆ ಕಲಿಸುತ್ತೇನೆ, ಅದರ ಜೋಡಿಯ ಹೆಸರನ್ನೂ ಎತ್ತುವುದಿಲ್ಲ. ನೇವಲ್ ಬಂದಾಗ ಕೋಸ್ಟಲ್, ಪೋಸ್ಟಲ್ ಜೊತೆಗೆ ಬರುತ್ತವೆ, ಮೂರರ ಕೊನೆಯೂ ಎ-ಎಲ್. ಸ್ನಾಯುವಿನ ಮಸಲ್‌ನಲ್ಲಿ ಸಿ ಸುಮ್ನೆ ಕೂತಿರುತ್ತದೆ, ಆದರೆ ಮಸ್ಕ್ಯುಲರ್ ಎಂದು ಹೇಳಿಸಿ ನೋಡಿ, ಅದೇ ಸಿ ಗಟ್ಟಿಯಾಗಿ ಕೇಳುತ್ತದೆ. ಎರಡು ಎನ್ನುವ ಟೂನಲ್ಲಿ ಡಬ್ಲ್ಯು ಯಾಕೆ ಎಂದು ಕೇಳುವ ಹುಡುಗನಿಗೆ ಟ್ವಿನ್, ಟ್ವೆಲ್ವ್, ಟ್ವೆಂಟಿ ಬರೆಸಿದರೆ ಸಾಕು. ನಮ್ಮ ಮಕ್ಕಳಿಗೆ ಮೀನಿನ ಹೋಲ್‌ಸೇಲ್ ವ್ಯಾಪಾರ ಚೆನ್ನಾಗಿ ಗೊತ್ತು. ಆ ಒಂದು ಪದದಲ್ಲಿ ಪೂರ್ತಿ ಎನ್ನುವ ಹೋಲ್ ಇದೆ, ಮಾರಾಟದ ಸೇಲ್ ಇದೆ. ತೂತಿನ ಹೋಲ್, ಹಾಯಿಯ ಸೇಲ್ ತಿಂಗಳ ನಂತರ ಬಂದರೂ ನಡೆಯುತ್ತದೆ. ಸಮುದ್ರದ ಸೀ ಅಂತೂ ಇಲ್ಲಿ ನೌಕಾನೆಲೆ ಕಟ್ಟಿದ ಸೀಬರ್ಡ್ ಪ್ರಾಜೆಕ್ಟಿನ ದಯೆಯಿಂದ ಪುಕ್ಕಟೆ ಸಿಕ್ಕಿತು.

ಮೊದಲ ಪದ ಯೋಚನೆಯಿಲ್ಲದೆ ಕೈಯಿಂದ ಬರುವ ತನಕ ಎರಡನೆಯದು ಬೇಡ. ಕೆಲವು ಸಲ ಎರಡನೆಯದು ಬೇಡವೇ ಬೇಡ. ಹೊಕ್ಕುಳಿನ ಸ್ಪೆಲ್ಲಿಂಗನ್ನು ನಾನು ಇವತ್ತಿಗೂ ಕಲಿಸಿಲ್ಲ. ಹತ್ತನೇ ಕ್ಲಾಸಿನ ಪರೀಕ್ಷೆಯಲ್ಲಿ ಹೊಕ್ಕುಳಿನ ಮೇಲೆ ಯಾರು ಬರೆಯುತ್ತಾರೆ? ಗೈಡಿನವರಿಗೆ ಪಟ್ಟಿ ಉದ್ದ ಕಾಣಬೇಕು, ಅದಕ್ಕೆ ತುಂಬುತ್ತಾರೆ.

ನಡುವೆ ಇನ್ನೊಂದು ಹುಚ್ಚು ಹತ್ತಿತ್ತು. ಇಂಗ್ಲಿಷರಿಗೆ ಬೇರೆಯಾಗಿ ಕೇಳಿಸಿ ನಮಗೆ ಒಂದೇ ಆಗುವ ಪದಗಳು ಯಾವುವು ಎಂದು ಹುಡುಕುತ್ತಾ ಹೋದೆ. ಪಶ್ಚಿಮಕ್ಕೂ ಬನಿಯನ್ನಿಗೂ ನಾವು ವೆಸ್ಟ್ ಎಂದೇ ಬರೆಯುತ್ತೇವೆ, ದ್ರಾಕ್ಷಿ ಬಳ್ಳಿಗೂ ಅದರ ಮದ್ಯಕ್ಕೂ ವೈನ್. ನಮ್ಮ ವ ಒಂದೇ, ಅವರಲ್ಲಿ ವಿ ಮತ್ತು ಡಬ್ಲ್ಯು ಬೇರೆ. ಅಂದರೆ ನಮ್ಮ ಮಕ್ಕಳಿಗೆ ಪಟ್ಟಿ ಇನ್ನೂ ಉದ್ದ, ಇದು ಯಾವ ಗೈಡಿನಲ್ಲೂ ಇಲ್ಲ. ಇನ್ನೊಂದು ಕಡೆ ಕನ್ನಡವೇ ಗೆಲ್ಲುತ್ತದೆ: ಮೂರನ್ನೂ ಮರವನ್ನೂ ತ್ರೀ, ಟ್ರೀ ಎಂದು ಬರೆಸಿ ಓದಿಸಿದರೆ ಆ ತಪ್ಪು ಎರಡು ದಿನದಲ್ಲಿ ಹೋಗುತ್ತದೆ. ಮತ್ತೊಂದು ಗಮನಿಸಿದೆ. ಆ ಮತ್ತು ಓ ನಡುವಿನ ಒಂದು ಸ್ವರವಿದೆ, ಕಾಟ್ ಎಂದು ಬರೆದರೂ ಕೋಟ್ ಎಂದು ಬರೆದರೂ ಸರಿಹೋಗದ್ದು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ, ಅವರ ಮಾತಿನಲ್ಲಿ ಆ ಸ್ವರ ಇದೆಯಲ್ಲ. ಕನ್ನಡವಷ್ಟೇ ಆಡುವ ಮಕ್ಕಳನ್ನು ಅವರ ಪಕ್ಕ ಕೂರಿಸಿದೆ. ಸ್ವಲ್ಪ ಉಪಯೋಗವಾಯಿತು, ಜಾಸ್ತಿ ಗಲಾಟೆಯಾಯಿತು.

ಮೊದಲು ಇಪ್ಪತ್ತು ಪದದ ಡಿಕ್ಟೇಶನ್‌ನಲ್ಲಿ ಹತ್ತು ಹನ್ನೊಂದು ಸರಿ ಬರುತ್ತಿತ್ತು. ಈಗ ಹದಿನೇಳು ಹದಿನೆಂಟಕ್ಕೆ ಕಡಿಮೆ ಇಲ್ಲ. ಖರ್ಚು ಎಂದರೆ ಒಂದು ಕರಿಹಲಗೆ, ಸೀಮೆಸುಣ್ಣ. ಬ್ಯಾಚು ತುಂಬಿದೆ, ಫೀಸು ನೂರು ಏರಿಸಿದೆ, ಯಾರೂ ತುಟಿ ಬಿಚ್ಚಲಿಲ್ಲ. ಎರಡನೇ ಪದವನ್ನು ಯಾವ ದಿನ, ಯಾವ ವಾಕ್ಯದೊಳಗೆ ಅಡಗಿಸಿ ತರಬೇಕು ಎನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ಹೊಟ್ಟೆಪಾಡಿನ ವಿಷಯ.

ಬಳಗವೇ ಇಲ್ಲದ ಪದಗಳು ಇನ್ನೂ ಕಾಡುತ್ತವೆ. ಹುಟ್ಟಿನ ಬರ್ತ್‌ಗೆ ಬರ್ತ್‌ಡೇ ಇದೆ, ಐ ಹಾಕಿ ಬರೆಯುತ್ತಾರೆ. ರೈಲಿನ ಬರ್ತ್‌ಗೆ ಯಾರಿದ್ದಾರೆ? ಕೊಂಕಣ ರೈಲ್ವೆಯ ಹಳೆಯ ಟಿಕೆಟ್ ಒಂದನ್ನು ಗೋಡೆಗೆ ಅಂಟಿಸಿ ಇ ಅಕ್ಷರಕ್ಕೆ ಸುತ್ತು ಹಾಕಿದ್ದೇನೆ. ಸದ್ಯಕ್ಕೆ ಹತ್ತರಲ್ಲಿ ಆರು ಮಂದಿ ಸರಿ ಬರೆಯುತ್ತಿದ್ದಾರೆ. ಇದಕ್ಕಿಂತ ಒಳ್ಳೆಯ ಉಪಾಯ ನಿಮ್ಮಲ್ಲಿದ್ದರೆ ಹೇಳಿ, ಬದಲಿಗೆ ಸ್ನಾಯುವಿನ ಮಸಲ್‌ನ ಜೋಡಿಯಾದ ಚಿಪ್ಪುಮೀನಿನ ಮಸಲ್‌ ಕಥೆ ಕೊಡುತ್ತೇನೆ.